ಬುತ್ತಿ ಬಿಚ್ಚಲು ನಾಚಿಕೆಯೇಕೆ?

ನಮ್ಮ ಹಿರಿಯರು ದಾರಿ ಮಾಡಿದ ಕಡೆ ಅರವಟ್ಟಿಗೆಯನ್ನೂ ಇಟ್ಟರು. ಕೆರೆ ಕಟ್ಟಿಸಿದವರು, ಛತ್ರ ಕಟ್ಟಿಸಿದವರು, ಸಾಲುಮರ ನೆಡಿಸಿದವರು ಇವರೊಡನೆ ಬೇಸಗೆಯಲ್ಲಿ ದಾರಿಗರಿಗೆ ನೀರು ಮಜ್ಜಿಗೆ ಎರೆಯಿಸಿದವರನ್ನೂ ನಮ್ಮ ನಾಡು ಪುಣ್ಯವಂತರ ಸಾಲಿನಲ್ಲಿ ಸೇರಿಸಿತು. ಇದನ್ನು ಬರಿಯ ಪರಲೋಕದ ಆಸೆಯೆಂದು ತಳ್ಳಿಹಾಕುವಂತಿಲ್ಲ. ಇದರ ಹಿಂದೆ ಒಂದು ಲೋಕಜ್ಞಾನವಿತ್ತು. ದಾರಿಯಲ್ಲಿರುವವನು ತನ್ನ ಅಡಿಗೆಮನೆಯಿಂದ ದೂರವಾದವನು. ಅವನ ಹಸಿವನ್ನು ಕಂಡು ಬೆಲೆ ಏರಿಸುವುದು ಬಹು ಸುಲಭ. ಅಷ್ಟು ಸುಲಭವಾದುದರಿಂದಲೇ ಅದು ಮಾಡಬಾರದ ಕೆಲಸವೆಂದು ಅವರು ತಿಳಿದಿದ್ದರು.

ಈಗ ದಾರಿ ಆಕಾಶಕ್ಕೆ ಏರಿದೆ. ಅರವಟ್ಟಿಗೆ ಮಾತ್ರ ಏರಲಿಲ್ಲ. ವಿಮಾನ ನಿಲ್ದಾಣದೊಳಕ್ಕೆ ಕಾಲಿಟ್ಟವನ ಹಸಿವಿಗೆ ಅಲ್ಲಿ ಬೇರೆಯೇ ಒಂದು ತಕ್ಕಡಿ ಇದೆ. ಹೊರಗೆ ಇಪ್ಪತ್ತು ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಕಾಫಿಗೆ ಒಳಗೆ ಇನ್ನೂರು ಮುನ್ನೂರು ತೆರಬೇಕಾಗುವುದುಂಟು. ತೆರಲಾರದವನು ಗಡಿಯಾರ ನೋಡುತ್ತ ಕುಳಿತಿರಬೇಕು. ಇದು ವ್ಯಾಪಾರದ ಸಹಜ ಧರ್ಮವೆಂದು ಹೇಳುವವರಿದ್ದಾರೆ. ಅಲ್ಲವೆಂದು ಹೇಳುವುದಕ್ಕಾಗಿಯೇ ಈ ಲೇಖನ. ಒಬ್ಬನನ್ನು ತನ್ನ ಅನುಕೂಲಕ್ಕಾಗಿ ಕಾಯಿಸುವ ಸಂಸ್ಥೆ, ಅವನಿಗೆ ಸಾಧಾರಣ ಬೆಲೆಗೆ ಊಟ ಕೊಡಬೇಕು. ಇಲ್ಲವೆ, ಅವನು ತಂದ ಬುತ್ತಿಯನ್ನು ಮರ್ಯಾದೆಯಿಂದ ಉಣ್ಣಲು ಜಾಗ ಕೊಡಬೇಕು. ಎರಡನ್ನೂ ಕೊಡದೆ ಜೇಬಿಗೆ ಕೈಹಾಕುವುದು ನ್ಯಾಯವಲ್ಲ.

ಸಕಲೇಶಪುರ, ಆಲೂರಿನ ಗುಡ್ಡಗಾಡಿನವನಿಗೆ ವಿಮಾನದ ಮಾತೇಕೆ ಎಂದು ಪೇಟೆಯ ವಾಚಕರು ಕೇಳಿಯಾರು. ಕಾಲ ಬದಲಾಗಿದೆ, ಸ್ವಾಮಿ. ನಮ್ಮ ಕಡೆಯ ಮಕ್ಕಳು ಓದಿ ದುಬೈ, ಲಂಡನ್, ಸಿಡ್ನಿ ಸೇರಿದ್ದಾರೆ. ಮಗಳ ಬಾಣಂತನಕ್ಕೆ ಹೊರಟ ತಾಯಿ, ಕೂಲಿಯ ಲೆಕ್ಕ ಬರೆಯುತ್ತ ಕೂದಲು ನರೆಸಿಕೊಂಡ ಸಣ್ಣ ತೋಟದ ಯಜಮಾನ, ನಿವೃತ್ತರಾದ ಶಾಲಾ ಮೇಷ್ಟರು, ಎಲ್ಲರೂ ಒಂದಲ್ಲ ಒಂದು ದಿನ ದೇವನಹಳ್ಳಿಯ ಬಾಗಿಲಿಗೋ ಬಜಪೆಯ ಬಾಗಿಲಿಗೋ ಬಂದು ನಿಲ್ಲುವವರೇ. ೨೦೧೭ರ ಏಪ್ರಿಲ್‌ನಲ್ಲಿ ಉಡಾನ್ ಯೋಜನೆಯ ಮೊದಲ ವಿಮಾನಕ್ಕೆ ಶಿಮ್ಲಾದಲ್ಲಿ ಚಾಲನೆ ಕೊಟ್ಟಾಗ, ಹವಾಯಿ ಚಪ್ಪಲಿ ಮೆಟ್ಟಿದವನೂ ಹವಾಯಿ ಜಹಜು ಏರಬೇಕೆಂಬ ಆಶಯವನ್ನು ದೇಶದ ಪ್ರಧಾನಿಯೇ ಸಾರಿದರು. ಒಳ್ಳೆಯ ಮಾತು. ಆದರೆ ಚಪ್ಪಲಿ ಮೆಟ್ಟಿದವನಿಗೆ ಹೊಟ್ಟೆಯೂ ಇರುತ್ತದೆ ಎಂಬುದನ್ನು ಯೋಜನೆ ಬರೆದವರು ಮರೆತಂತೆ ಕಾಣುತ್ತದೆ.

ಒಂದು ವಿಮಾನದಿಂದ ಇಳಿದು ಇನ್ನೊಂದನ್ನು ಹತ್ತುವವರೆಗೆ ನಡುವೆ ಕಾಯುವ ಕಾಲಕ್ಕೆ ಇಂಗ್ಲಿಷಿನಲ್ಲಿ ಲೇಓವರ್ ಎನ್ನುತ್ತಾರೆ. ಬೆಂಗಳೂರಿನ ನಿವಾಸಿಗೆ ಅದು ದೂರದ ಯಾವುದೋ ಊರಿನಲ್ಲಿ ಎದುರಾಗುವ ಸಂಗತಿ. ಮಲೆನಾಡಿನವನಿಗೆ ಹಾಗಲ್ಲ, ಅವನ ಕಾಯುವಿಕೆ ಮನೆಯ ಹೊಸಿಲು ದಾಟಿದಲ್ಲಿಂದಲೇ ಮೊದಲಾಗುತ್ತದೆ. ಸಕಲೇಶಪುರದಿಂದ ಬೆಂಗಳೂರಿಗೆ ಸುಮಾರು ೨೨೦ ಕಿಲೋಮೀಟರು. ಊರನ್ನು ಹಾದು ದೇವನಹಳ್ಳಿಯ ಕಡೆಗೆ ಇನ್ನೂ ಮೂವತ್ತೈದು ನಲವತ್ತು. ತೋಟದ ಮನೆಯಿಂದ ಡಾಂಬರು ರಸ್ತೆಗೆ ಬರುವುದಕ್ಕೇ ಒಂದು ಜೀಪು ಗೊತ್ತುಮಾಡಬೇಕು. ನಡುಮಧ್ಯಾಹ್ನದ ವಿಮಾನಕ್ಕೆ ಹಿಂದಿನ ರಾತ್ರಿಯ ಬಸ್ಸು ಹಿಡಿದರೆ ಬೆಳಕು ಹರಿಯುವ ಮುಂಚೆ ನಿಲ್ದಾಣ. ಅಲ್ಲಿಂದ ಮುಂದೆ ಆರು ಗಂಟೆಯೋ ಏಳು ಗಂಟೆಯೋ ಕುಳಿತೇ ಇರಬೇಕು. ಮುಂಬಯಿಯಲ್ಲೋ ದೆಹಲಿಯಲ್ಲೋ ವಿಮಾನ ಬದಲಿಸಬೇಕಾದರೆ ಅಲ್ಲಿ ಮತ್ತೆ ಐದಾರು ಗಂಟೆ. ಎಂದರೆ ಒಂದೇ ಪ್ರಯಾಣದಲ್ಲಿ ಮೂರು ಹೊತ್ತಿನ ಊಟ ಅವರಿವರ ಬೆಲೆಗೆ ಸಿಕ್ಕಿಬೀಳುತ್ತದೆ.

ಮಂಗಳೂರಿನ ಕಡೆ ಹೋಗಬಾರದೇಕೆ, ಅದು ಹತ್ತಿರವಲ್ಲವೆ ಎನ್ನಬಹುದು. ಹತ್ತಿರವೇ, ಸುಮಾರು ೧೩೦ ಕಿಲೋಮೀಟರು. ಬಜಪೆಯಲ್ಲಿ ೧೯೫೧ರಿಂದ ವಿಮಾನ ಇಳಿಯುತ್ತಿದೆ. ಆದರೆ ನಡುವೆ ಶಿರಾಡಿ ಘಾಟಿ ಇದೆ. ಮುಂಗಾರು ಹಿಡಿದರೆ ಆ ಘಾಟಿ ಯಾರ ಮಾತನ್ನೂ ಕೇಳುವುದಿಲ್ಲ. ೨೦೧೮ರ ಆಗಸ್ಟಿನ ಮಳೆಯಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ೨೦೨೪ರ ಜುಲೈನಲ್ಲಿ ದೊಡ್ಡತಪ್ಪಲಿನ ಬಳಿ ಮತ್ತೆ ಮಣ್ಣು ಜಾರಿತು. ಅದೇ ಜುಲೈ ೨೬ರಂದು ರೈಲುಮಾರ್ಗವೂ ಎಡಕುಮೇರಿ, ಕಡಗರವಳ್ಳಿಗಳ ನಡುವೆ ಕುಸಿದು, ಪ್ರಯಾಣಿಕರ ಗಾಡಿಗಳು ಸುಮಾರು ಎರಡು ವಾರ ನಿಂತವು. ದುರಸ್ತಿಯಾಗಿ ಗಾಡಿ ಹೊರಟಿತೆನ್ನುವಷ್ಟರಲ್ಲಿ ಆಗಸ್ಟ್ ೧೦ರಂದು ಬಾಳ್ಳುಪೇಟೆಯ ಕಡೆ ಇನ್ನೊಂದು ಕುಸಿತ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ೫೫ ಕಿಲೋಮೀಟರಿನಲ್ಲಿ ೫೭ ಸುರಂಗ, ೧೦೯ ಸೇತುವೆ. ಅಂಥ ದಾರಿ ಅದು. ಹೀಗಿರುವಾಗ ಬುದ್ಧಿಯಿದ್ದವನು ಏನು ಮಾಡುತ್ತಾನೆ? ಒಂದು ದಿನ ಮುಂಚಿತವಾಗಿಯೇ ಹೊರಡುತ್ತಾನೆ. ಆ ಒಂದು ದಿನದ ಎಚ್ಚರಿಕೆಗೆ ನಿಲ್ದಾಣದೊಳಗೆ ಹೊಟ್ಟೆ ದಂಡ ತೆರುತ್ತದೆ.

ಇಂಥ ದಾರಿಯಲ್ಲಿ ಬೆಳೆದುದರಿಂದಲೇ ನಮ್ಮ ಸೀಮೆಯವರಿಗೆ ಕಾಯುವ ವಿದ್ಯೆ ಗೊತ್ತು. ಕಾಯುವವನಿಗೆ ಬಡಿಸುವ ವಿದ್ಯೆಯೂ ಗೊತ್ತು. ಘಾಟಿ ಕಟ್ಟಿಕೊಂಡು ಲಾರಿಗಳು ದೋಣಿಗಾಲಿನಿಂದ ಮಾರನಹಳ್ಳಿಯವರೆಗೆ ಸಾಲುಗಟ್ಟಿ ನಿಂತ ರಾತ್ರಿಗಳನ್ನು ನಾನು ಕಂಡಿದ್ದೇನೆ. ರಸ್ತೆ ಬದಿಯ ಚಿಕ್ಕ ಹೋಟೆಲಿನ ಯಜಮಾನಿ ಮುಸುರೆ ತಿಕ್ಕಿ ಒಲೆ ಆರಿಸಿದ್ದವಳು ಮತ್ತೆ ಸೌದೆ ಒಡ್ಡಿ ಚಿತ್ರಾನ್ನ ಕಲಸಿದುದನ್ನೂ ಕಂಡಿದ್ದೇನೆ. ಆಕೆ ಧರ್ಮಕ್ಕೆ ಕೊಡಲಿಲ್ಲ, ದುಡ್ಡು ತೆಗೆದುಕೊಂಡಳು. ಆದರೆ ಸಾಯಂಕಾಲ ಎಷ್ಟಕ್ಕೆ ಕೊಟ್ಟಿದ್ದಳೋ ನಡುರಾತ್ರಿಯಲ್ಲೂ ಅಷ್ಟಕ್ಕೇ ಕೊಟ್ಟಳು. ಆ ರಾತ್ರಿ ತಟ್ಟೆಗೆ ನಾಲ್ಕು ಪಟ್ಟು ಹೇಳಿದ್ದರೂ ಕೊಡದೆ ಗತಿಯಿರಲಿಲ್ಲ ಎಂಬುದು ಆಕೆಗೂ ತಿಳಿದಿತ್ತು. ಹಾಗೆ ಕೇಳಬಾರದು ಎಂಬುದೂ ತಿಳಿದಿತ್ತು. ದೊಡ್ಡ ದೊಡ್ಡ ಗಾಜಿನ ಗೋಡೆಗಳ ಒಳಗೆ ಕಾಣದೆ ಹೋಗಿರುವುದು ಈ ಎರಡನೆಯ ತಿಳಿವಳಿಕೆ.

ಕಾಫಿಯ ಲೆಕ್ಕವನ್ನೇ ನೋಡೋಣ. ಏಕೆಂದರೆ ಅದು ನಮ್ಮ ಮನೆಯ ಲೆಕ್ಕ. ಇಂಡಿಯಾ ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರುಗಳ ಬಳಿಕ ಹಾಸನ ಜಿಲ್ಲೆಯ ಹೆಸರು. ಆ ಹಾಸನದ ಕಾಫಿಯೆಂದರೆ ಮುಖ್ಯವಾಗಿ ಸಕಲೇಶಪುರ, ಆಲೂರು, ಬೇಲೂರುಗಳ ಗುಡ್ಡಗಳಲ್ಲಿ ಬೆಳೆದದ್ದು. ಬೀಜಕ್ಕೆ ಕಿಲೋಗೆ ೫೦೦ ರೂಪಾಯಿ ಎಂದೇ ಧಾರಾಳವಾಗಿ ಹಿಡಿಯಿರಿ. ಬೆಳೆಗಾರನಿಗೆ ಅಷ್ಟು ಸಿಕ್ಕ ವರ್ಷಗಳು ಎಷ್ಟಿಲ್ಲ. ಹುರಿದಾಗ ತೂಕದಲ್ಲಿ ಐದರಲ್ಲೊಂದು ಪಾಲು ಹಾರಿಹೋದರೆ ೮೦೦ ಗ್ರಾಂ ಪುಡಿ ಉಳಿಯುತ್ತದೆ. ಲೋಟಕ್ಕೆ ೧೦ ಗ್ರಾಂ ಹಾಕಿದರೆ ೮೦ ಲೋಟ ಕಾಫಿ. ಅಂದರೆ ಒಂದು ಲೋಟದಲ್ಲಿರುವ ಬೀಜದ ಬೆಲೆ ಆರೂಕಾಲು ರೂಪಾಯಿ. ಹಾಲು, ಸಕ್ಕರೆ, ಸೌದೆ, ಕೆಲಸದವರ ಸಂಬಳ, ಎಲ್ಲ ಸೇರಿಸಿಯೇ ಸಕಲೇಶಪುರದ ಹೋಟೆಲಿನವನು ಇಪ್ಪತ್ತು ರೂಪಾಯಿಯ ಆಸುಪಾಸಿನಲ್ಲಿ ಕೊಡುತ್ತಾನೆ, ಕೊಟ್ಟು ಸಂಸಾರ ನಡೆಸುತ್ತಾನೆ. ಅದೇ ಗಿಡದ ಅದೇ ಬೀಜ ೨೬೦ ಕಿಲೋಮೀಟರು ಪ್ರಯಾಣ ಮಾಡಿ ಕಾಗದದ ಲೋಟದಲ್ಲಿ ಕುಳಿತರೆ ಅದಕ್ಕೆ ಬೇರೆ ದೊರೆತನ ಬರುತ್ತದೆ. ಬೆಳೆದವನೇ ಬಂದು ಕೇಳಿದರೂ ಅವನಿಗೆ ಅದು ಎಟುಕುವುದಿಲ್ಲ. ತಾನು ಬೆಳೆದದ್ದನ್ನು ತಾನೇ ಕುಡಿಯಲಾರದೆ ನೀರಿನ ನಲ್ಲಿ ಹುಡುಕುವ ಬೆಳೆಗಾರನನ್ನು ಕಂಡು ನಗಬೇಕೋ ಅಳಬೇಕೋ ನೀವೇ ಹೇಳಿ.

ಇದು ಬಡವರ ಗೊಣಗಾಟ ಮಾತ್ರವೆಂದು ತಿಳಿಯಬೇಡಿ. ೨೦೨೪ರ ಸೆಪ್ಟೆಂಬರಿನಲ್ಲಿ ಕೋಲ್ಕತ್ತ ವಿಮಾನ ನಿಲ್ದಾಣದಲ್ಲಿ ಬಿಸಿನೀರಿಗೆ ಚಹದ ಚೀಲ ಅದ್ದಿದ ಒಂದು ಲೋಟಕ್ಕೆ ೩೪೦ ರೂಪಾಯಿ ಎಂಬುದನ್ನು ಕಂಡು ಬೆರಗಾಗಿ ಲೋಕಕ್ಕೆ ತಿಳಿಸಿದವರು ಪಿ. ಚಿದಂಬರಂ. ದೇಶದ ಬೊಕ್ಕಸದ ಲೆಕ್ಕ ನೋಡಿದ ಮಾಜಿ ಹಣಕಾಸು ಸಚಿವರಿಗೇ ಆ ಬೆಲೆ ದುಬಾರಿಯೆನಿಸಿದರೆ, ಆಲೂರಿನ ನಿವೃತ್ತ ಮೇಷ್ಟರಿಗೆ ಏನೆನ್ನಿಸೀತು? ಆ ವರ್ಷದ ಡಿಸೆಂಬರಿನಲ್ಲಿ ಅದೇ ಕೋಲ್ಕತ್ತದಲ್ಲಿ ಉಡಾನ್ ಯಾತ್ರಿ ಕೆಫೆ ಎಂಬ ಸಣ್ಣ ಮಳಿಗೆ ತೆರೆಯಿತು. ಅಲ್ಲಿ ಚಹಕ್ಕೆ ೧೦ ರೂಪಾಯಿ, ನೀರಿನ ಬಾಟಲಿಗೆ ೧೦, ಕಾಫಿಗೆ ೨೦, ಸಮೋಸಕ್ಕೆ ೨೦. ಮರುವರ್ಷ ಚೆನ್ನೈಯಲ್ಲಿಯೂ ಬೇರೆ ಕೆಲವು ಊರುಗಳಲ್ಲಿಯೂ ಅಂಥವು ಬಂದವು. ಅಲ್ಲಿಗೆ ಒಂದು ವಾದ ಮುಗಿಯಿತು. ವಿಮಾನ ನಿಲ್ದಾಣದ ಒಳಗೆ ಹತ್ತು ರೂಪಾಯಿಗೆ ಚಹ ಕೊಡುವುದು ಅಸಾಧ್ಯ ಎಂದು ಇನ್ನು ಯಾರೂ ಹೇಳುವಂತಿಲ್ಲ. ಸಾಧ್ಯ ಎಂಬುದಕ್ಕೆ ಸಾಕ್ಷಿ ಒಲೆಯ ಮೇಲೆ ಕುದಿಯುತ್ತಿದೆ. ಉಳಿದದ್ದು ಮನಸ್ಸಿನ ಮಾತು.

ನಿಲ್ದಾಣದ ಪರವಾಗಿ ವಾದಿಸುವವರು ಬಾಡಿಗೆಯ ಮಾತೆತ್ತುತ್ತಾರೆ. ಅಂಗಡಿಯವನು ತನ್ನ ವ್ಯಾಪಾರದಲ್ಲಿ ದೊಡ್ಡ ಪಾಲನ್ನು ನಿಲ್ದಾಣಕ್ಕೆ ಕೊಡಬೇಕು, ಆದುದರಿಂದ ಬೆಲೆ ಏರುತ್ತದೆ. ಆ ಪಾಲಿನಿಂದಲೇ ನಿಲ್ದಾಣದ ಉಳಿದ ಶುಲ್ಕಗಳು ಇಳಿಯುತ್ತವೆ ಎಂದು. ಈ ವಾದದಲ್ಲಿ ಸ್ವಲ್ಪ ಹುರುಳಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ೨೦೧೬ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿಯ ಪ್ರಕಾರ ಅಂಗಡಿ, ಊಟ, ವಾಹನ ನಿಲುಗಡೆ ಮೊದಲಾದ ವಿಮಾನೇತರ ಆದಾಯದಲ್ಲಿ ನೂರಕ್ಕೆ ೩೦ ಪಾಲನ್ನು ವಿಮಾನ ಸಂಬಂಧದ ಶುಲ್ಕ ಇಳಿಸುವ ಲೆಕ್ಕಕ್ಕೆ ಹಿಡಿಯಬೇಕು. ಹಾಗಾದರೆ ಉಳಿದ ೭೦? ಅದು ಆ ಲೆಕ್ಕದಿಂದ ಹೊರಗೆ. ದೊಡ್ಡ ನಿಲ್ದಾಣಗಳ ವಿಮಾನ ಶುಲ್ಕವನ್ನು ಗೊತ್ತುಮಾಡಲು ೨೦೦೮ರ ಕಾನೂನಿನಂತೆ ಒಂದು ಪ್ರಾಧಿಕಾರವೇ ಇದೆ. ಇಡ್ಲಿಯ ಬೆಲೆ ಆ ಪ್ರಾಧಿಕಾರದ ಕಣ್ಣಳತೆಗೆ ಬರುವುದಿಲ್ಲ. ವಿಮಾನದ ಗಾಲಿ ನೆಲ ಮುಟ್ಟುವುದಕ್ಕೆ ನ್ಯಾಯವಾದ ದರವೊಂದಿದೆ, ಮನುಷ್ಯನ ನಾಲಗೆ ಅನ್ನ ಮುಟ್ಟುವುದಕ್ಕೆ ಇಲ್ಲ. ಶುಲ್ಕವನ್ನು ಇಳಿಸಲೇಬೇಕಾದರೆ ಗಡಿಯಾರ, ಸುಗಂಧ, ಚರ್ಮದ ಚೀಲ ಮಾರುವ ಅಂಗಡಿಗಳಿಂದ ಎಷ್ಟು ಬೇಕಾದರೂ ತೆಗೆದುಕೊಳ್ಳಲಿ. ಅವು ಬೇಡವೆನ್ನುವವನು ಬೇಡವೆಂದು ಸುಮ್ಮನಿರಬಹುದು. ಹಸಿವನ್ನು ಬೇಡವೆನ್ನಲು ಬರುತ್ತದೆಯೆ?

ವಿಮಾನಕ್ಕೆ ಸಾವಿರಾರು ರೂಪಾಯಿ ಕೊಟ್ಟವನು ಕಾಫಿಗೆ ಮುನ್ನೂರು ಕೊಡಲಾರನೆ ಎಂಬುದು ಎರಡನೆಯ ವಾದ. ಇದು ಕೇಳಲು ಚೆನ್ನ. ಆದರೆ ಚೀಟಿ ಕೊಂಡವರು ಯಾರು? ಅನೇಕ ವೇಳೆ ಮಗ ಕೊಂಡಿರುತ್ತಾನೆ, ಕಂಪೆನಿ ಕೊಂಡಿರುತ್ತದೆ, ಇಲ್ಲವೆ ಆ ಕುಟುಂಬ ಎರಡು ವರ್ಷ ಕೂಡಿಟ್ಟು ಕೊಂಡಿರುತ್ತದೆ. ಕೂಡಿಟ್ಟು ಕೊಂಡವನಿಗೆ ಚೀಟಿಯ ಬೆಲೆ ಮೊದಲೇ ಗೊತ್ತಿತ್ತು. ಕಾಫಿಯ ಬೆಲೆ ಒಳಗೆ ಬಂದ ಮೇಲೆ ತಿಳಿಯಿತು. ಒಳಗೆ ಬಂದ ಮೇಲೆ ಹೊರಗೆ ಹೋಗಿ ಬೇರೆ ಹೋಟೆಲು ನೋಡುವ ಸ್ವಾತಂತ್ರ್ಯವಿಲ್ಲ. ಸ್ವಾತಂತ್ರ್ಯವಿಲ್ಲದ ಕಡೆ ಪೇಟೆಯ ದರ ಎಂಬ ಮಾತಿಗೆ ಅರ್ಥವಿಲ್ಲ. ಹಸಿದಿರುವುದೇನು ಮಹಾ, ಐದಾರು ಗಂಟೆ ತಡೆದುಕೊಳ್ಳಲಿ ಎನ್ನುವ ಆರೋಗ್ಯವಂತರಿಗೆ ಇಷ್ಟೇ ಹೇಳುತ್ತೇನೆ: ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ ಅರವತ್ತೈದರ ಮುದುಕಿಗೆ ಹೊತ್ತಿಗೆ ಸರಿಯಾಗಿ ಎರಡು ತುತ್ತು ಬೀಳದಿದ್ದರೆ ಕಣ್ಣು ಕತ್ತಲೆಗಟ್ಟುತ್ತದೆ. ಆ ಎರಡು ತುತ್ತು ಆಕೆಗೆ ಔಷಧಿಯೇ.

ಈಗ ನಮ್ಮ ಪೇಟೆಯ ಬಂಧುಗಳಿಗೆ ಕೊಂಚ ಮುಜುಗರವಾಗುವ ಮಾತೊಂದನ್ನು ಹೇಳಬೇಕು. ಅದೇ ನಿಲ್ದಾಣದಲ್ಲಿ ಮೆತ್ತನೆಯ ಸೋಫಾಗಳ ಒಂದು ಕೋಣೆ ಇರುತ್ತದೆ. ಲೌಂಜ್ ಎಂದು ಅದರ ಹೆಸರು. ಕೆಲವು ಬಗೆಯ ಬ್ಯಾಂಕು ಕಾರ್ಡು ಉಳ್ಳವರು ಅಲ್ಲಿ ನಾಮಮಾತ್ರಕ್ಕೆ ಎರಡು ರೂಪಾಯಿ ಉಜ್ಜಿ ಒಳಹೊಕ್ಕು ದೋಸೆ, ಪಲಾವು, ಕಾಫಿ, ಐಸ್‌ಕ್ರೀಮು ಎಲ್ಲವನ್ನೂ ಹೊಟ್ಟೆ ತುಂಬ ಉಂಡು ಬರುತ್ತಾರೆ. ಆ ಕಾರ್ಡು ಯಾರಿಗೆ ಸಿಗುತ್ತದೆ? ತಿಂಗಳ ಸಂಬಳ ದೊಡ್ಡದಾಗಿ, ಖರ್ಚೂ ದೊಡ್ಡದಾಗಿ ಇದ್ದವರಿಗೆ. ಅಂದಮೇಲೆ ಉಳ್ಳವನಿಗೆ ಊಟ ಎರಡು ರೂಪಾಯಿಗೆ. ಇಲ್ಲದವನಿಗೆ ನಾಲ್ಕು ನೂರು ರೂಪಾಯಿಗೆ. ಉಂಡವನಿಗೇ ಮತ್ತೆ ಬಡಿಸುವ ಈ ಪಂಕ್ತಿಯನ್ನು ನಮ್ಮ ಅಜ್ಜಿಯರು ಕಂಡಿದ್ದರೆ ಸಟ್ಟುಗ ಹಿಡಿದು ಬರುತ್ತಿದ್ದರು. ಕಾರ್ಡು ಇಟ್ಟುಕೊಂಡವರನ್ನು ನಾನು ನಿಂದಿಸುತ್ತಿಲ್ಲ. ಆದರೆ ಬೆಲೆಯ ಬಿಸಿ ತಟ್ಟದವರು ಅವರೇ ಆದುದರಿಂದ, ಕೂಗಿದರೆ ಕೇಳಿಸುವಂಥ ದನಿ ಇರುವವರೆಲ್ಲ ಆ ಕೋಣೆಯೊಳಗೆ ಕುಳಿತು ಉಣ್ಣುತ್ತಿದ್ದಾರೆ. ಹೊರಗಿನವರ ಗೊಣಗಾಟ ಹೊರಗೇ ಉಳಿದಿದೆ.

ಇದಕ್ಕಿಂತ ನನ್ನನ್ನು ಹೆಚ್ಚು ನೋಯಿಸುವುದು ಇನ್ನೊಂದು. ಬೆಲೆಯನ್ನು ಹೇರುವವರು ಅವರಾದರೆ, ಅದಕ್ಕೆ ತಲೆಬಾಗುವಂತೆ ಮಾಡುವುದು ನಮ್ಮ ನಾಚಿಕೆ. ಒಂದು ನಿಲ್ದಾಣದಲ್ಲಿ, ಊರಿನ ಹೆಸರು ಬೇಡ, ನಮ್ಮ ಕಡೆಯ ಒಬ್ಬ ವೃದ್ಧೆ ಬಟ್ಟೆಯ ಚೀಲದಿಂದ ಬಾಳೆಯೆಲೆಯ ಕಟ್ಟು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಪಕ್ಕದಲ್ಲಿದ್ದ ಮಗ ಸುತ್ತಲೂ ನೋಡಿ, “ಅವ್ವ, ಇಲ್ಲಿ ಬಿಚ್ಚಬ್ಯಾಡ ಕಣವ್ವ, ಜನ ನೋಡ್ತಾರೆ” ಎಂದ. ಆಕೆ ಗಂಟು ಬಿಚ್ಚುತ್ತಲೇ, “ನೋಡ್ಲಿ ಬಿಡು ಮಗ, ನಾವೇನ್ ಕದ್ಕೊಂಡು ತಿಂತಿದೀವಾ?” ಎಂದರು. ಮಗ ಎದ್ದು ದೂರದ ಕುರ್ಚಿಗೆ ಹೋಗಿ ಕುಳಿತ. ಆತ ಕೆಟ್ಟವನಲ್ಲ; ತಾಯಿಗೆ ವಿಮಾನದ ಚೀಟಿ ಕೊಂಡುಕೊಟ್ಟ ಒಳ್ಳೆಯ ಮಗನೇ. ಆದರೆ ಅವನಿಗೆ ಯಾರೋ ಕಲಿಸಿದ್ದಾರೆ: ಕೊಂಡು ತಿನ್ನುವುದು ನಾಗರಿಕತೆ, ಕಟ್ಟಿಕೊಂಡು ಬಂದು ತಿನ್ನುವುದು ಹಳ್ಳಿಗಾಡಿನತನ ಎಂದು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಗಾದೆ. ನಾವು ಊಟವನ್ನೂ ಪರರಿಚ್ಛೆಗೆ ಬಿಟ್ಟು ಕೈಕಟ್ಟಿ ಕುಳಿತಿದ್ದೇವೆ.

ಬುತ್ತಿ ಕಟ್ಟುವುದು ಜಿಪುಣತನವಲ್ಲ, ಅದೊಂದು ವಿದ್ಯೆ. ಮಲೆನಾಡಿನ ಅಕ್ಕಿ ರೊಟ್ಟಿಯನ್ನೇ ನೋಡಿ. ಅನ್ನ ಸೇರಿಸಿ ನಾದಿದ ಹಿಟ್ಟಿನ ತೆಳು ರೊಟ್ಟಿ ತಣ್ಣಗಾದರೂ ಮೆತ್ತಗಿರುತ್ತದೆ. ಬೆಳಗಿನದು ಸಂಜೆಗೆ ನಡೆಯುತ್ತದೆ. ಜೊತೆಗೆ ಹಸಿ ಕಾಯಿಯ ಚಟ್ನಿ ಬೇಡ, ಅದು ನಾಲ್ಕು ಗಂಟೆಗೆ ಹಳಸುತ್ತದೆ. ಚಟ್ನಿಪುಡಿಯೋ ನೀರಾರಿಸಿ ಹುರಿದ ಪಲ್ಯವೋ ಇರಲಿ. ಕಡುಬು ಹೊರಟ ದಿನದ ಮೊದಲ ಹೊತ್ತಿಗೆ ಸರಿ. ಎರಡನೆಯ ದಿನಕ್ಕೆ ಅವಲಕ್ಕಿ, ಹುರಿಗಡಲೆ, ತಂಬಿಟ್ಟು, ಬಾಳೆಹಣ್ಣು. ಇವುಗಳಲ್ಲಿ ಯಾವುದಕ್ಕೂ ತಪಾಸಣೆಯವರು ಅಡ್ಡಿ ಹೇಳುವುದಿಲ್ಲ. ಒಣ ತಿನಿಸನ್ನು ಕೈಚೀಲದಲ್ಲಿ ಒಯ್ಯಬಾರದೆಂಬ ನಿಯಮವಿಲ್ಲ. ವಿದೇಶಕ್ಕೆ ಹೋಗುವಾಗ ಮಾತ್ರ ದ್ರವಪದಾರ್ಥ ೧೦೦ ಮಿಲಿಲೀಟರಿಗಿಂತ ದೊಡ್ಡ ಡಬ್ಬಿಯಲ್ಲಿ ಇರಬಾರದು. ೨೦೦೬ರಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ಬಂದ ಕಟ್ಟಳೆ ಅದು. ಆದುದರಿಂದ ಸಾರು, ಮೊಸರು, ಎಣ್ಣೆಯಲ್ಲಿ ತೇಲುವ ಉಪ್ಪಿನಕಾಯಿ ಮನೆಯಲ್ಲೇ ಇರಲಿ. ನೀರಿನ ಬಾಟಲಿಯನ್ನು ಖಾಲಿ ಒಯ್ದು ಒಳಗಿನ ನಲ್ಲಿಯಲ್ಲಿ ತುಂಬಿಸಿಕೊಂಡರಾಯಿತು. ಆಸ್ಟ್ರೇಲಿಯದಂಥ ದೇಶಗಳಲ್ಲಿ ಹಣ್ಣು, ಕಾಳು ತಂದುದನ್ನು ಹೇಳದೆ ಮುಚ್ಚಿಟ್ಟರೆ ದಂಡ ಬೀಳುತ್ತದೆ. ಬುತ್ತಿಯನ್ನು ಇಳಿಯುವ ಮುಂಚೆ ಮುಗಿಸುವುದೇ ಜಾಣತನ.

ವಾಸನೆಯ ಆಕ್ಷೇಪವೊಂದುಂಟು. ಅಕ್ಕಪಕ್ಕದವರಿಗೆ ಹೇಸಿಗೆಯಾಗುವಂತೆ ಉಣ್ಣಬಾರದು ಎಂಬುದನ್ನು ಒಪ್ಪುತ್ತೇನೆ. ಒಣಮೀನನ್ನು ಮನೆಯಲ್ಲೇ ತಿಂದು ಬನ್ನಿ. ಸಿಪ್ಪೆಯನ್ನು ಕುರ್ಚಿಯ ಕೆಳಗೆ ತೂರಬೇಡಿ. ಕೈ ತೊಳೆದು ಜಾಗ ಒರೆಸಿ ಏಳಿ. ಇಷ್ಟು ಮರ್ಯಾದೆಯನ್ನು ಬುತ್ತಿಯವನೂ ಕಲಿಯಬೇಕಾದ್ದೇ. ಆದರೆ ಅಂಗಡಿಯ ಒಲೆಯಿಂದ ಬರುವ ಬೆಳ್ಳುಳ್ಳಿ ಬೆಣ್ಣೆಯ ಘಾಟು ಇಡೀ ಸಭಾಂಗಣವನ್ನು ತುಂಬಿದರೆ ಅದು ಪರಿಮಳ, ನಮ್ಮ ಚಟ್ನಿಪುಡಿಯದು ನಾತ ಎಂಬ ವಿಂಗಡಣೆಯನ್ನು ಮಾತ್ರ ನಾನು ಒಪ್ಪಲಾರೆ. ಇದು ಮೂಗು ಮಾಡಿದ ತೀರ್ಪಲ್ಲ.

ಇದೆಲ್ಲ ಕಾಯುವವನು ಮಾಡಿಕೊಳ್ಳಬಹುದಾದ ಉಪಾಯ. ಕಾಯಿಸುವವರ ಋಣ ಇದರಿಂದ ತೀರುವುದಿಲ್ಲ. ಎಲ್ಲರ ಮನೆಯಲ್ಲೂ ಬುತ್ತಿ ಕಟ್ಟುವ ಕೈ ಇರುವುದಿಲ್ಲ. ಮೂರು ದಿನದ ಪ್ರಯಾಣಕ್ಕೆ ಯಾವ ಬುತ್ತಿಯೂ ಸಾಲದು. ವಿಮಾನ ತಡವಾದರೆ ಊಟ ಉಪಾಹಾರ ಕೊಡುವುದು ವಿಮಾನ ಕಂಪೆನಿಯ ಹೊಣೆಯೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ ೨೦೧೦ರಿಂದ ಇದೆ. ಎರಡೂವರೆ ಗಂಟೆಯವರೆಗಿನ ಹಾರಾಟವಾದರೆ ೨ ಗಂಟೆ ತಡವಾದಾಗ, ಐದು ಗಂಟೆಯವರೆಗಿನದಾದರೆ ೩ ಗಂಟೆ, ಉಳಿದವಕ್ಕೆ ೪ ಗಂಟೆ. ಹೊತ್ತಿಗೆ ಸರಿಯಾಗಿ ಬಂದು ಹೆಸರು ಹಚ್ಚಿಸಿಕೊಂಡ ಪ್ರಯಾಣಿಕ ಇದನ್ನು ಭಿಕ್ಷೆಯಂತೆ ಕೇಳಬೇಕಾಗಿಲ್ಲ. ಎಷ್ಟು ಮಂದಿಗೆ ಇದು ಗೊತ್ತು? ೨೦೨೫ರ ಡಿಸೆಂಬರಿನ ಮೊದಲ ವಾರದಲ್ಲಿ ಇಂಡಿಗೋದ ವಿಮಾನಗಳು ದಿನಕ್ಕೆ ನೂರಾರು ರದ್ದಾಗಿ ಬೆಂಗಳೂರೂ ಸೇರಿದಂತೆ ದೇಶದ ಉದ್ದಗಲಕ್ಕೂ ಜನ ನೆಲದ ಮೇಲೆ ಮಲಗಿದರಲ್ಲ, ಆಗ ಅವರಲ್ಲಿ ಎಷ್ಟು ಜನ ಕೌಂಟರಿಗೆ ಹೋಗಿ ನನ್ನ ಊಟ ಎಲ್ಲಿ ಎಂದು ಕೇಳಿದರೋ!

೨೦೨೪ರ ಜನವರಿಯ ಚಿತ್ರ ವಾಚಕರಿಗೆ ನೆನಪಿರಬಹುದು. ಗೋವೆಯಿಂದ ದೆಹಲಿಗೆ ಹೊರಟ ವಿಮಾನ ಮಂಜಿನಿಂದಾಗಿ ಮುಂಬಯಿಯಲ್ಲಿ ಇಳಿಯಿತು. ಗಂಟೆಗಟ್ಟಲೆ ಕಾದು ದಣಿದ ಪ್ರಯಾಣಿಕರು ವಿಮಾನದ ಪಕ್ಕದ ನೆಲದ ಮೇಲೇ ಕುಳಿತು ಉಂಡರು. ದೇಶವೆಲ್ಲ ನಕ್ಕಿತು, ಕೆಲವರು ಆ ಜನರಿಗೇ ಸಂಸ್ಕಾರವಿಲ್ಲವೆಂದರು. ವಿಮಾನಯಾನ ಭದ್ರತಾ ಸಂಸ್ಥೆ ಇಂಡಿಗೋಗೆ ೧.೨೦ ಕೋಟಿ ರೂಪಾಯಿ ದಂಡ ಹಾಕಿತು. ಆ ದಂಡ ಬಿದ್ದದ್ದು ಭದ್ರತೆಯ ಲೋಪಕ್ಕೆ. ಅವರು ಹಸಿದಿದ್ದರು ಎಂಬ ಸಂಗತಿ ಅಪರಾಧಗಳ ಪಟ್ಟಿಯಲ್ಲಿ ಮೇಲೆ ಬರಲಿಲ್ಲ.

ರೈಲ್ವೆಯನ್ನು ನಾವು ಬಯ್ಯದ ದಿನವಿಲ್ಲ. ಆದರೂ ರೈಲ್ವೆಗೆ ಒಂದು ಮಾತು ನೆನಪಿದೆ: ಗಾಡಿಯಲ್ಲಿರುವವನು ಉಣ್ಣಬೇಕು. ೨೦೨೩ರಲ್ಲಿ ಸಾಮಾನ್ಯ ದರ್ಜೆಯ ಬೋಗಿಗಳು ನಿಲ್ಲುವ ಕಡೆಯೇ ೨೦ ರೂಪಾಯಿಗೆ ಪೂರಿ ಪಲ್ಯ, ೫೦ ರೂಪಾಯಿಗೆ ಊಟದಂಥ ತಿಂಡಿ ಮಾರುವ ವ್ಯವಸ್ಥೆ ಹೂಡಿದರು. ಮರುವರ್ಷ ಅದು ನೂರಕ್ಕೂ ಹೆಚ್ಚು ನಿಲ್ದಾಣಗಳಿಗೆ ಹಬ್ಬಿತು. ರೈಲ್ ನೀರ್ ಬಾಟಲಿಯ ಬೆಲೆಯನ್ನು ೨೦೨೫ರ ಸೆಪ್ಟೆಂಬರಿನಲ್ಲಿ ೧೫ರಿಂದ ೧೪ ರೂಪಾಯಿಗೆ ಇಳಿಸಿದರು. ಒಂದು ರೂಪಾಯಿ ಸಣ್ಣದೇ. ಆದರೆ ಬೆಲೆ ಕೆಳಮುಖವಾಗಿಯೂ ನಡೆಯಬಲ್ಲದು ಎಂಬುದಕ್ಕೆ ಅದು ಗುರುತು. ನಮ್ಮ ರಾಜ್ಯ ಸರ್ಕಾರವೂ ೨೦೧೭ರ ಆಗಸ್ಟ್ ೧೬ರಂದು ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್ ತೆರೆದಾಗ ತಿಂಡಿಗೆ ೫, ಊಟಕ್ಕೆ ೧೦ ರೂಪಾಯಿ ಇಟ್ಟಿತು. ಸಾಧಾರಣ ಬೆಲೆಗೆ ಸಾವಿರಾರು ಜನಕ್ಕೆ ಬಡಿಸುವ ವಿದ್ಯೆ ಈ ನಾಡಿನಲ್ಲಿ ಹೊಸದಾಗಿ ಕಲಿಯಬೇಕಾದದ್ದಲ್ಲ.

ನಾನು ಧರ್ಮಛತ್ರ ಕೇಳುತ್ತಿಲ್ಲ, ಕೇಳುವುದು ಇಷ್ಟೇ. ಪ್ರತಿಯೊಂದು ವಿಮಾನ ನಿಲ್ದಾಣದಲ್ಲಿಯೂ ತಪಾಸಣೆಯ ಹೊರಗೊಂದು, ಒಳಗೊಂದು ಮಳಿಗೆ ಇರಲಿ. ಅಲ್ಲಿ ಕಾಫಿ, ಚಹ, ಇಡ್ಲಿ, ಒಂದು ಅನ್ನದ ಊಟ ಪೇಟೆಯ ಸಾಧಾರಣ ಹೋಟೆಲಿನ ಬೆಲೆಗೆ ಸಿಗಲಿ. ಅದು ಮೂಲೆಯಲ್ಲಿ ಅಡಗಿರದೆ ಎಲ್ಲರಿಗೂ ಕಾಣುವ ಜಾಗದಲ್ಲಿರಲಿ. ಕುಡಿಯುವ ನೀರಿನ ನಲ್ಲಿಯನ್ನು ಬಾಣದ ಗುರುತು ಹಾಕಿ ತೋರಿಸಲಿ. ಪಕ್ಕದಲ್ಲಿ ಬಿಸಿನೀರೂ ಇರಲಿ, ಕೂಸಿನ ಹಾಲಿಗೆ ಬೇಕಾಗುತ್ತದೆ. ಬುತ್ತಿಯವರಿಗಾಗಿ ನಾಲ್ಕು ಮೇಜು, ಕೈತೊಳೆಯುವ ತೊಟ್ಟಿ, ಕಸದ ಬುಟ್ಟಿ ಇಡಲಿ. ಬೆಲೆಗಳ ಪಟ್ಟಿಯನ್ನು ಒಳಬರುವ ಬಾಗಿಲಲ್ಲೇ ಕನ್ನಡದಲ್ಲಿ ತೂಗಹಾಕಲಿ. ವಿಮಾನ ತಡವಾದಾಗ, ಇಂಥ ಕಡೆ ಊಟ ಕೊಡುತ್ತಾರೆ ಎಂದು ಕನ್ನಡದಲ್ಲಿ ಕೂಗಿ ಹೇಳಲಿ. ಇದಕ್ಕಾಗಿ ಯಾವ ಗೋಪುರವನ್ನೂ ಕಟ್ಟಬೇಕಾಗಿಲ್ಲ. ಇರುವ ಅ‌ಂಗಡಿಗಳ ಸಾಲಿನಲ್ಲಿ ಎರಡು ಮಳಿಗೆಯ ಬಾಡಿಗೆಯನ್ನು ಬಿಟ್ಟುಕೊಟ್ಟರೆ ಸಾಕು.

ಹಾಸನದ ಹೊರವಲಯದ ಬೂವನಹಳ್ಳಿಯ ವಿಮಾನ ನಿಲ್ದಾಣದ ಮಾತು ನಮ್ಮ ಜಿಲ್ಲೆಯಲ್ಲಿ ದಶಕಗಳಿಂದ ಕೇಳುತ್ತ ಬಂದಿದೆ. ಆ ನಿಲ್ದಾಣದ ನಕ್ಷೆಯಲ್ಲಿ ಓಡುದಾರಿ ಎಷ್ಟು ಉದ್ದ, ಕಟ್ಟಡ ಎಷ್ಟು ಎತ್ತರ ಎಂದು ಮುಖಂಡರು ವಿಚಾರಿಸುತ್ತಾರೆ. ಬುತ್ತಿ ಬಿಚ್ಚುವ ಮೇಜು ಎಲ್ಲಿದೆ ಎಂದು ಕೇಳುವವರು ನಾವಾಗಬೇಕು. ಕಟ್ಟಿ ಮುಗಿದ ಮೇಲೆ ಕೇಳಿದರೆ ಜಾಗವಿಲ್ಲ ಎನ್ನುತ್ತಾರೆ. ಈಗ ಕೇಳಿದರೆ ಆ ಮಾತಿಗೆ ಎಡೆಯಿಲ್ಲ.

ಅಲ್ಲಿಯವರೆಗೆ, ವಾಚಕ ಮಹಾಶಯರೇ, ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಮುಂದಿನ ಸಲ ವಿಮಾನ ಹತ್ತುವಾಗ ಮನೆಯಲ್ಲಿ ನಾಲ್ಕು ರೊಟ್ಟಿ ಹೆಚ್ಚಾಗಿ ಕಟ್ಟಿಸಿ. ಲೌಂಜಿನ ಕಾರ್ಡು ಜೇಬಿನಲ್ಲಿದ್ದರೂ ಒಂದು ಹೊತ್ತು ಹೊರಗಿನ ಕುರ್ಚಿಯಲ್ಲಿ ಕುಳಿತು, ಎಲ್ಲರೂ ಕಾಣುವಂತೆ ಕಟ್ಟು ಬಿಚ್ಚಿ ಉಣ್ಣಿ. ಕೋಟು ತೊಟ್ಟವರೊಬ್ಬರು ಹಾಗೆ ಉಣ್ಣುವುದನ್ನು ಕಂಡರೆ, ಚೀಲವನ್ನು ಮಡಿಲಲ್ಲಿ ಅಮುಕಿಕೊಂಡು ಕುಳಿತಿರುವ ಹತ್ತು ಮಂದಿ ಧೈರ್ಯವಾಗಿ ತಮ್ಮ ಗಂಟು ಬಿಚ್ಚುತ್ತಾರೆ. ಊಟವಾದ ಮೇಲೆ ಕೈ ತೊಳೆದುಕೊಂಡು ಹೋಗಿ, ಸಾಧಾರಣ ಬೆಲೆಯ ಮಳಿಗೆ ಎಲ್ಲಿದೆಯೆಂದು ನಿಲ್ದಾಣದವರನ್ನು ಒಮ್ಮೆ ವಿಚಾರಿಸಿ. ಇಲ್ಲ ಎಂದರೆ, ಏಕೆ ಇಲ್ಲ ಎಂದು ಬರೆದು ಕೊಟ್ಟು ಬನ್ನಿ.